ಹಾಜರಿಯ ಬಹುಮಾನವೂ ವಿಮಾನದ ಸರದಿಯೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಹಳೆಯ ವಿದ್ಯಾರ್ಥಿನಿಯರು ಸಾಮಾನ್ಯವಾಗಿ ಬರೆಯುವ ವಿಷಯಗಳೇ ಮೊದಲು ನಮ್ಮ ಮನಸ್ಸಿಗೆ ಬಂದುವು: ಬೆಳಗಿನ ಗಂಟೆ, ಹೊಲಿಗೆಯ ತರಗತಿ, ಅಂಗಳದ ಹುಣಿಸೆಯ ಮರ, ಕಟ್ಟುನಿಟ್ಟಿನ ಹೆಡ್‌ಮಿಸ್ಟ್ರೆಸ್ಸಮ್ಮನವರು. ಇವನ್ನೆಲ್ಲ ನಮಗಿಂತ ಸೊಗಸಾಗಿ ಬರೆಯಬಲ್ಲ ಸೋದರಿಯರು ಅನೇಕರಿರುವರು. ಆದುದರಿಂದ ನಾವು ಬೇರೊಂದು ವಿಷಯವನ್ನು ಎತ್ತಿಕೊಂಡಿರುವೆವು. ಆರ್.ಟಿ. ನಗರದ ನಮ್ಮ ಮನೆಯಲ್ಲಿ, ಅಡಿಗೆಮನೆಯ ಬಾಗಿಲಿನ ಪಕ್ಕದಲ್ಲಿ, ಪ್ರತಿ ತಿಂಗಳೂ ಒಂದು ಕಾಗದವು ಅಂಟಿಸಲ್ಪಡುವುದು. ಅದು ವಿಮಾನ ನಡೆಸುವವರ ಕೆಲಸದ ಸರದಿಯ ಪಟ್ಟಿ. ಈ ವಿಷಯವು ಶಾಲೆಗೆ ದೂರವಾದುದೆಂದು ಮೊದಲಿಗೆ ತೋರಬಹುದು; ಆದರೆ ಕೊನೆಗೆ ಇದು ನಮ್ಮನ್ನು ಶಾಲೆಯ ಬಹುಮಾನದ ಮೇಜಿನ ಬಳಿಗೇ ಕರೆತರುವುದಾದುದರಿಂದ, ವಾಚಕರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಬೇಡುವೆವು.

ನಾವು ಈ ಶಾಲೆಯಲ್ಲಿಯೇ ಓದಿ, ಇಲ್ಲಿಯೇ 31 ವರ್ಷಗಳ ಕಾಲ ಉಪಾಧ್ಯಾಯಿನಿಯಾಗಿದ್ದು, ಈಗ ವಿಶ್ರಾಂತಿವೇತನವನ್ನು ಪಡೆಯುತ್ತ, ನಮ್ಮ ತಂದೆಯವರು ಕಟ್ಟಿಸಿದ ಮನೆಯಲ್ಲಿ ವಾಸವಾಗಿರುವೆವು. ನಮ್ಮೊಡನೆ ಇರುವವಳು ತಮ್ಮನ ಮಗಳು. ತಮ್ಮನಿಗೆ ಊರಿಂದೂರಿಗೆ ವರ್ಗವಾಗುವ ಕೆಲಸವಾದುದರಿಂದ, ಮಗು ಎಂಟನೆಯ ತರಗತಿಯಿಂದ ನಮ್ಮ ಬಳಿಯಲ್ಲಿಯೇ ಬೆಳೆದು, ನಮ್ಮ ಶಾಲೆಯಲ್ಲಿಯೇ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಮುಗಿಸಿದಳು. ಅವಳೀಗ ಒಂದು ವಿಮಾನ ಕಂಪನಿಯಲ್ಲಿ ಫಸ್ಟ್ ಆಫೀಸರ್. ಎಂದರೆ ಕ್ಯಾಪ್ಟನ್ನರ ಬಲಗಡೆಯ ಆಸನದಲ್ಲಿ ಕುಳಿತು ವಿಮಾನವನ್ನು ನಡೆಸುವ ಸಹಚಾಲಕಿ.

ಹೆಣ್ಣುಮಕ್ಕಳು ವಿಮಾನ ನಡೆಸುವುದು ನಮ್ಮ ಕಡೆಗೆ ಹೊಸತೇನೂ ಅಲ್ಲ. ನಮ್ಮ ಮನೆಯಿಂದ ಹೆಬ್ಬಾಳವನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಹೋಗುವಾಗ ಜಕ್ಕೂರಿನ ವಿಮಾನ ಮೈದಾನವು ಸಿಕ್ಕುವುದಷ್ಟೆ. ಅಲ್ಲಿಯ ಸರ್ಕಾರಿ ವಿಮಾನಯಾನ ತರಬೇತಿ ಶಾಲೆಯಲ್ಲಿ ಕಲಿತು, 1949ರಲ್ಲಿ ತೇರ್ಗಡೆಯಾದವರು ಶ್ರೀಮತಿ ಉಷಾ ಸುಂದರಂ ಅವರು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರೂ ಅವರ ಸಂಗಡಿಗರಾದ ಮಹಿಳಾ ಚಾಲಕಿಯರೂ ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ಹೊರಟು, ಉತ್ತರ ಧ್ರುವದ ಮೇಲಿನಿಂದ ಹಾರಿ, ನಮ್ಮ ಬೆಂಗಳೂರಿಗೇ ಬಂದಿಳಿದರು. ಅದೇ ವರ್ಷದ ಲೆಕ್ಕದಂತೆ ನಮ್ಮ ದೇಶದ ವಿಮಾನ ಚಾಲಕರಲ್ಲಿ ನೂರಕ್ಕೆ 12 ಮಂದಿಗೂ ಮಿಕ್ಕಿ ಸ್ತ್ರೀಯರಿದ್ದರು. ಇಷ್ಟು ಪ್ರಮಾಣವು ಪ್ರಪಂಚದ ಮತ್ತಾವ ದೊಡ್ಡ ದೇಶದಲ್ಲಿಯೂ ಇರಲಿಲ್ಲ. ಹೀಗಿರಲು ನಮ್ಮ ಮಗುವೂ ಆ ಸಾಲಿಗೆ ಸೇರಿದಾಗ ನಮಗೆ ಹೆಮ್ಮೆಯು ಉಂಟಾದುದು ಸಹಜವೇ. ಆ ಹೆಮ್ಮೆಯೇ ಮುಂದೆ ನಮ್ಮಿಂದ ಒಂದು ತಪ್ಪನ್ನು ಮಾಡಿಸಿತು. ಅದನ್ನು ಹೇಳುವ ಮೊದಲು ಆ ಕಾಗದದ ವಿಚಾರವನ್ನು ತಿಳಿಸುವುದು ಅವಶ್ಯಕ.

ಶಾಲೆಯಲ್ಲಿ ಜೂನ್ ತಿಂಗಳಿನಲ್ಲಿ ಹೆಡ್‌ಮಿಸ್ಟ್ರೆಸ್ಸರು ಟೈಂಟೇಬಲನ್ನು ಬರೆದು ಉಪಾಧ್ಯಾಯಿನಿಯರ ಕೊಠಡಿಯಲ್ಲಿ ತೂಗುಹಾಕಿದರೆಂದರೆ, ವರ್ಷದ ಕೊನೆಯವರೆಗೆ ಯಾರಿಗೆ ಯಾವ ಪೀರಿಯಡ್ಡು ಎಂಬುದು ನಿಶ್ಚಯವಾದಂತೆಯೇ. ವಿಮಾನ ಚಾಲಕರಿಗೆ ಆ ಭಾಗ್ಯವಿಲ್ಲ. ಅವರ ಟೈಂಟೇಬಲು ತಿಂಗಳು ತಿಂಗಳಿಗೂ ಹೊಸದಾಗಿ ಹುಟ್ಟುವುದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನರ್ಸುಗಳಾಗಿರುವ ಸೋದರಿಯರಿಗೆ ಇದು ಬೇಗನೆ ಅರ್ಥವಾದೀತು. ವಾರ್ಡಿನ ಗೋಡೆಯ ಮೇಲಿನ ಡ್ಯೂಟಿ ಪಟ್ಟಿಯಲ್ಲಿ ತಮ್ಮ ಹೆಸರಿನ ಮುಂದೆ ‘ನೈಟ್’ ಎಂದು ಎಷ್ಟು ಸಲ ಬಂದಿದೆಯೆಂದು ಅವರು ಬೆರಳು ಮಡಿಸಿ ಎಣಿಸಿರುವರು. ನಮ್ಮ ಮಗುವೂ ಹಾಗೆಯೇ ಎಣಿಸುವಳು. ಒಂದು ದಿನ ಬೆಳಗಿನ ಜಾವ 2 ಗಂಟೆ 40 ನಿಮಿಷಕ್ಕೆ ಕಂಪನಿಯ ಕಾರು ನಮ್ಮ ಗೇಟಿನ ಮುಂದೆ ಬಂದು ನಿಲ್ಲುವುದು. ಬೀದಿಯ ನಾಯಿಗಳೆಲ್ಲ ಒಂದು ಸಲ ಬೊಗಳಿ ಸುಮ್ಮನಾಗುವುವು. ಅವಳು ಸದ್ದಾಗದಂತೆ ಬಾಗಿಲನ್ನು ಎಳೆದುಕೊಂಡು ದೇವನಹಳ್ಳಿಯ ಕಡೆಗೆ ಹೊರಡುವಳು. ಮತ್ತೊಂದು ದಿನ ಊರೆಲ್ಲ ಊಟ ಮಾಡಿ ಮಲಗುವ ವೇಳೆಗೆ ಅವಳಿಗೆ ಕೆಲಸವು ಮೊದಲಾಗುವುದು. ಮೂರನೆಯ ದಿನ ಎಲ್ಲಿಗೂ ಹಾರದೆ ಇದ್ದರೂ, ಸಮವಸ್ತ್ರವನ್ನು ಇಸ್ತ್ರಿ ಮಾಡಿಟ್ಟು, ಟೆಲಿಫೋನನ್ನು ಪಕ್ಕದಲ್ಲಿಟ್ಟುಕೊಂಡು, ಕರೆ ಬಂದರೆ ಹೊರಡಲು ಸಿದ್ಧಳಾಗಿರಬೇಕು. ಇದಕ್ಕೆ ‘ಸ್ಟ್ಯಾಂಡ್‌ಬೈ’ ಎಂದು ಹೆಸರು.

ಈ ಪಟ್ಟಿಯಲ್ಲಿ ತಮಗೆ ಬೇಕಾದುದನ್ನು ಕೇಳಿಕೊಳ್ಳುವ ಪದ್ಧತಿಯೊಂದು ಉಂಟು. ಅದನ್ನು ಅವರು ‘ಬಿಡ್’ ಎನ್ನುವರು. ಹರಾಜಿನಲ್ಲಿ ಕೂಗುವ ಸವಾಲಿಗೂ ಇದೇ ಹೆಸರಾದುದರಿಂದ ನಾವು ಮೊದಲು ಕೇಳಿದಾಗ ಗಾಬರಿಗೊಂಡು, “ಏನೇ ಮಗು, ಕೆಲಸವನ್ನು ಹರಾಜು ಹಾಕುತ್ತಾರೆಯೆ?” ಎಂದು ಕೇಳಿದೆವು. ಅವಳು ನಕ್ಕು, “ಇಲ್ಲ ಅತ್ತೆ, ಇಲ್ಲಿ ದುಡ್ಡು ಕೂಗುವುದಿಲ್ಲ. ಹಿರಿತನವೇ ಇಲ್ಲಿಯ ದುಡ್ಡು” ಎಂದು ವಿವರಿಸಿದಳು.

ಈ ಪದ್ಧತಿಯು ಪೂರ್ಣವಾಗಿ ಬೆಳೆದುದು ಅಮೆರಿಕದಲ್ಲಿ. ಅಲ್ಲಿ 1931ರಲ್ಲಿ ವಿಮಾನ ಚಾಲಕರು ತಮ್ಮದೊಂದು ಸಂಘವನ್ನು ಕಟ್ಟಿಕೊಂಡರು. 1934ರಲ್ಲಿ, ಒಬ್ಬ ಚಾಲಕನನ್ನು ತಿಂಗಳಿಗೆ 85 ಗಂಟೆಗಳಿಗಿಂತ ಹೆಚ್ಚಾಗಿ ಹಾರಿಸಬಾರದೆಂದು ಸರ್ಕಾರದ ಕಾರ್ಮಿಕ ಮಂಡಲಿಯು ತೀರ್ಪಿತ್ತಿತು. 1936ರಲ್ಲಿ ರೈಲ್ವೆ ನೌಕರರ ಕಾನೂನನ್ನೇ ವಿಮಾನದವರಿಗೂ ವಿಸ್ತರಿಸಿದುದರಿಂದ, ಕಂಪನಿಯೂ ಸಂಘವೂ ಎದುರುಬದುರಾಗಿ ಕುಳಿತು, ಸಂಬಳದಿಂದ ಮೊದಲುಗೊಂಡು ವಿಶ್ರಾಂತಿಯ ಗಂಟೆಗಳವರೆಗೆ ಎಲ್ಲವನ್ನೂ ಒಂದು ಕರಾರಿನಲ್ಲಿ ಬರೆದುಕೊಳ್ಳುವ ವಾಡಿಕೆಯು ನೆಲೆಯಾಯಿತು. ಆ ಕರಾರಿನ ಪ್ರಕಾರ, ಕೆಲಸಕ್ಕೆ ಸೇರಿದ ದಿನವನ್ನು ಅನುಸರಿಸಿ ಪ್ರತಿಯೊಬ್ಬನಿಗೂ ಒಂದು ಹಿರಿತನದ ಸಂಖ್ಯೆಯು ದೊರೆಯುವುದು. ಮುಂದಿನ ತಿಂಗಳಿನ ಯಾನಗಳನ್ನು ಕಂಪನಿಯವರು ಪ್ರಕಟಿಸಿದ ಕೂಡಲೆ, ಯಾವ ಯಾನ ಬೇಕು, ಯಾವ ದಿನ ರಜೆ ಬೇಕು, ರಾತ್ರಿಯೋ ಹಗಲೋ ಎಂಬುದನ್ನು ಪ್ರತಿಯೊಬ್ಬನೂ ಬರೆದು ಕಳುಹಿಸುವನು. ಹಂಚಿಕೆಯು ಒಂದನೆಯ ಸಂಖ್ಯೆಯವನಿಂದ ಮೊದಲಾಗಿ ಕೆಳಗಿಳಿಯುತ್ತ ಬರುವುದು. ಮೇಲಿನವರು ಬಿಟ್ಟುದು ಕೆಳಗಿನವರಿಗೆ. ಕಟ್ಟಕಡೆಯವರಿಗೆ ಉಳಿಯುವುದು ಹಬ್ಬದ ದಿನದ ಯಾನಗಳು, ನಡುರಾತ್ರಿಯ ಯಾನಗಳು, ಇಲ್ಲವೆ ಕರೆಗಾಗಿ ಕಾದು ಕುಳಿತಿರುವ ಕೆಲಸ. 30 ವರ್ಷ ಹಾರಿದ ಕ್ಯಾಪ್ಟನ್ನನೇ ಆಗಲಿ, ಕಂಪನಿಯನ್ನು ಬದಲಿಸಿದನೆಂದರೆ ಮತ್ತೆ ಸಾಲಿನ ಕೊನೆಯಲ್ಲಿಯೇ ನಿಲ್ಲತಕ್ಕದ್ದು. ಇದು ಕಠಿಣವೆಂದು ತೋರಬಹುದು. ಆದರೆ ಅಧಿಕಾರಿಗೆ ಪ್ರಿಯನಾದವನಿಗೆ ಒಳ್ಳೆಯ ಕೆಲಸ, ಅಪ್ರಿಯನಾದವನಿಗೆ ಕೆಟ್ಟ ಕೆಲಸ ಎಂಬ ಪಕ್ಷಪಾತಕ್ಕೆ ಇದರಲ್ಲಿ ಎಡೆಯಿಲ್ಲ. ಶುಕ್ರವಾರದ ಕೊನೆಯ ಪೀರಿಯಡ್ಡು ವರ್ಷವರ್ಷವೂ ತಮ್ಮ ಪಾಲಿಗೇ ಏಕೆ ಬರುತ್ತದೆಂದು ಮನಸ್ಸಿನಲ್ಲಿಯೇ ಕೊರಗಿದ ಉಪಾಧ್ಯಾಯಿನಿಯರಿಗೆ ಈ ನ್ಯಾಯದ ಬೆಲೆಯು ತಿಳಿದೀತು.

ನಮ್ಮ ಮಗುವಿನ ಕಂಪನಿಯಲ್ಲಿ ಇಷ್ಟು ದೊಡ್ಡ ವ್ಯವಸ್ಥೆಯಿಲ್ಲ. ಅಲ್ಲಿ ತಿಂಗಳಿಗೆ ಕೆಲವು ಕೋರಿಕೆಗಳನ್ನು ಬರೆದು ಕಳುಹಿಸಬಹುದು. ನಡೆಸಿಕೊಡಲು ಸಾಧ್ಯವಾದರೆ ಕೊಡುವರು. ಅವಳು ಸೇರಿ ಮೂರು ವರ್ಷವೂ ತುಂಬಿರಲಿಲ್ಲ. ಆದುದರಿಂದ ಕ್ರಿಸ್‌ಮಸ್ಸಿಗೂ ಯುಗಾದಿಗೂ ಅವಳು ಬರೆದುಕೊಂಡ ಕೋರಿಕೆಗಳು ಸಾಮಾನ್ಯವಾಗಿ ಹಾಗೆಯೇ ಹಿಂದಿರುಗುತ್ತಿದ್ದುವು. ಪಟ್ಟಿಯು ಬಂದ ದಿನ ಅವಳು ಅದನ್ನು ಗೋಡೆಗೆ ಅಂಟಿಸಿ, ರಾತ್ರಿಯ ಕೆಲಸಗಳ ಸುತ್ತಲೂ ನೀಲಿಯ ಪೆನ್ಸಿಲಿನಿಂದ ಗೆರೆ ಎಳೆದು, “ಅತ್ತೆ, ಈ ದಿನಗಳಲ್ಲಿ ನಾನು ಹಗಲು ನಿದ್ರೆ ಮಾಡಬೇಕು” ಎಂದು ಹೇಳಿಟ್ಟಿರುತ್ತಿದ್ದಳು. ನಾವು ತಲೆಯಾಡಿಸುತ್ತಿದ್ದೆವು. ಹಗಲು ನಿದ್ರೆಯು ಸೋಮಾರಿಗಳ ಲಕ್ಷಣವೆಂದು ಮಕ್ಕಳಿಗೆ 31 ವರ್ಷ ಬೋಧಿಸಿದವರಿಗೆ, ಆ ನೀಲಿಯ ಗೆರೆಯ ಅರ್ಥವು ಅಷ್ಟು ಸುಲಭವಾಗಿ ತಲೆಗೆ ಹತ್ತುವುದಿಲ್ಲ.

2025ರ ಸೆಪ್ಟೆಂಬರ್ ತಿಂಗಳಿನ ಒಂದು ಮಧ್ಯಾಹ್ನ. ಅವಳು ಹಿಂದಿನ ಎರಡು ದಿನ ಬೆಳಗಿನ ಜಾವದ ಯಾನಗಳನ್ನು ಮುಗಿಸಿ ಬಂದಿದ್ದಳು. ಅಂದಿನ ರಾತ್ರಿ ಹೊರಡಬೇಕಾಗಿದ್ದಿತು. ಊಟ ಮಾಡಿ, ಕಿಟಕಿಗೆ ಕಪ್ಪು ಪರದೆಯನ್ನು ಎಳೆದು, ಮಲಗಿದಳು. ಆರ್.ಟಿ. ನಗರದ ಹಗಲು ನಿದ್ರೆಗೆ ಅನುಕೂಲವಾದುದಲ್ಲವೆಂಬುದು ಅಲ್ಲಿ ಇರುವವರಿಗೆಲ್ಲ ಗೊತ್ತು. ಎದುರು ಸೈಟಿನಲ್ಲಿ ಹಳೆಯ ಮನೆಯನ್ನು ಕೆಡವುತ್ತಿದ್ದರು. ಈರುಳ್ಳಿಯ ಗಾಡಿಯವನು ಧ್ವನಿವರ್ಧಕದಲ್ಲಿ ಕೂಗುತ್ತ ಎರಡು ಸಲ ಬೀದಿಯನ್ನು ಸುತ್ತಿದನು. ಇಷ್ಟೆಲ್ಲದರ ನಡುವೆಯೂ ಅವಳಿಗೆ ಹೇಗೋ ನಿದ್ರೆ ಹತ್ತಿದ್ದಿತು. ಅಷ್ಟರಲ್ಲಿ ನಮ್ಮ ದೂರದ ಬಂಧುಗಳಾದ ದಂಪತಿಗಳು ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದರು. “ಪೈಲಟ್ ಅಕ್ಕನನ್ನು ನೋಡಬೇಕು” ಎಂದು ಆ ಮಕ್ಕಳ ಆಸೆ. ಮಲಗಿದ್ದಾಳೆ ಎಂದು ಹೇಳಿ ಕಳುಹಿಸಬಹುದಾಗಿದ್ದಿತು. ಹಾಗೆ ಹೇಳಲು ನಮ್ಮ ಹೆಮ್ಮೆಯು ಬಿಡಲಿಲ್ಲ. ಒಳಗೆ ಹೋಗಿ, ಅವಳ ಭುಜವನ್ನು ಅಲುಗಿಸಿ, “ಐದೇ ನಿಮಿಷ, ಮುಖ ತೊಳೆದುಕೊಂಡು ಬಾರೇ” ಎಂದು ಎಬ್ಬಿಸಿದೆವು. ಐದು ನಿಮಿಷವು ಒಂದೂವರೆ ಗಂಟೆಯಾಯಿತು. ಮಕ್ಕಳು ಅವಳ ಟೊಪ್ಪಿಗೆಯನ್ನು ಹಾಕಿಕೊಂಡು ಚಿತ್ರ ತೆಗೆಸಿಕೊಂಡರು. ಕಾಫಿಯನ್ನು ಅವಳೇ ತಂದುಕೊಟ್ಟಳು. ಅವರು ಹೋದ ಮೇಲೆ ಪುನಃ ಮಲಗಿದಳಾದರೂ ಕಣ್ಣು ಮುಚ್ಚಲಿಲ್ಲವೆಂದು ಅನಂತರ ತಿಳಿಯಿತು.

ರಾತ್ರಿ 8 ಗಂಟೆಗೆ ಅವಳು ನಡುಮನೆಗೆ ಬಂದು, ಟೆಲಿಫೋನನ್ನು ಕೈಯಲ್ಲಿ ಹಿಡಿದು, ಕಂಪನಿಯವರಿಗೆ ಹೀಗೆಂದು ತಿಳಿಸಿದಳು: ತನಗೆ ಸಾಕಷ್ಟು ನಿದ್ರೆಯಾಗಿಲ್ಲ, ಈ ರಾತ್ರಿ ವಿಮಾನವನ್ನು ನಡೆಸಲು ತಾನು ಯೋಗ್ಯಸ್ಥಿತಿಯಲ್ಲಿಲ್ಲ. ಸ್ಟ್ಯಾಂಡ್‌ಬೈಯಲ್ಲಿ ಇದ್ದ ಬೇರೊಬ್ಬರನ್ನು ಕರೆದರು. ನಾವು ಅದನ್ನು ಕೇಳಿ ಸುಮ್ಮನಿರಲಿಲ್ಲ. “ನಿದ್ರೆ ಬರಲಿಲ್ಲವೆಂದು ಯಾರಾದರೂ ಕೆಲಸಕ್ಕೆ ಚಕ್ಕರ್ ಹಾಕುತ್ತಾರೆಯೆ? ಜ್ವರ ಬಂದರೂ ಶಾಲೆಗೆ ತಪ್ಪಿಸಿಕೊಳ್ಳದವರ ಮನೆಯಲ್ಲಿ ಬೆಳೆದವಳು ನೀನು!” ಎಂದೆವು. ನಮ್ಮ ಶಾಲೆಯಲ್ಲಿ ಒಂದು ದಿನವೂ ತಪ್ಪದೆ ಬಂದವರಿಗೆ ವಾರ್ಷಿಕೋತ್ಸವದಲ್ಲಿ ಹಾಜರಿಯ ಬಹುಮಾನವನ್ನು ಕೊಡುತ್ತಿದ್ದುದು ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಅದನ್ನು ನಾವು ವಿದ್ಯಾರ್ಥಿನಿಯಾಗಿದ್ದಾಗ ನಾಲ್ಕು ವರ್ಷ ಪಡೆದಿದ್ದೆವು. ಆ ಪುಸ್ತಕಗಳು ಇಂದಿಗೂ ನಮ್ಮ ಗಾಜಿನ ಬೀರುವಿನಲ್ಲಿರುವುವು. ಆ ಬೀರುವಿನ ಕಡೆಗೆ ಕೈ ತೋರಿಸಿಯೇ ನಾವು ಮಾತನಾಡಿದೆವೆಂದು ನೆನಪು.

ಅವಳು ಸಿಟ್ಟಾಗಲಿಲ್ಲ. ಆಯಾಸದಿಂದ ಕೆಂಪಾದ ಕಣ್ಣುಗಳಿಂದ ನಮ್ಮನ್ನು ನೋಡಿ, “ಅತ್ತೆ, ನನ್ನ ಬೆನ್ನ ಹಿಂದೆ ನೂರ ಎಂಬತ್ತು ಜನ ಕುಳಿತಿರುತ್ತಾರೆ. ಅವರಲ್ಲಿ ಯಾರಿಗೂ ನನ್ನ ಕಣ್ಣು ಕಾಣಿಸುವುದಿಲ್ಲ. ನಾನೇ ಹೇಳದಿದ್ದರೆ ಯಾರು ಹೇಳಬೇಕು?” ಎಂದಳು. ಅನಂತರ ಕಂಪನಿಯವರಿಗೆ ಕಳುಹಿಸಬೇಕಾದ ವರದಿಯನ್ನು ಬರೆಯಲು ಕುಳಿತಳು. ಕಾರಣವೇನೆಂದು ಕೇಳುವ ಜಾಗದಲ್ಲಿ ‘ಮನೆಯಲ್ಲಿ ನಿದ್ರಾಭಂಗ’ ಎಂದು ಬರೆದಳೇ ಹೊರತು, ಭಂಗ ಮಾಡಿದವರು ಯಾರೆಂದು ಬರೆಯಲಿಲ್ಲ. ಆ ರಾತ್ರಿಯ ಹಾರಾಟದ ಭತ್ಯವೂ ಅವಳಿಗೆ ತಪ್ಪಿಹೋಯಿತು.

ಅಂದು ನಿದ್ರೆ ಬಾರದೆ ಹೋದುದು ನಮಗೆ. ಕತ್ತಲೆಯಲ್ಲಿ ಮಲಗಿರುವಾಗ 2010ರ ಮೇ 22ನೆಯ ದಿನವು ನೆನಪಿಗೆ ಬಂದಿತು. ಅಂದು ಬೆಳಗ್ಗೆ 6 ಗಂಟೆಯ ಸುಮಾರಿಗೆ, ದುಬೈಯಿಂದ ಬಂದ ವಿಮಾನವೊಂದು ಮಂಗಳೂರಿನ ಬಜ್ಪೆಯಲ್ಲಿ, ಗುಡ್ಡದ ತಲೆಯನ್ನು ಸಮ ಮಾಡಿ ರಚಿಸಿದ ಆ ಓಡುದಾರಿಯ ತುದಿಯನ್ನು ಮೀರಿ, ಕೆಳಗಿನ ಕಣಿವೆಗೆ ಬಿದ್ದು ಉರಿದುಹೋಯಿತು. ಇದ್ದ 166 ಮಂದಿಯಲ್ಲಿ 158 ಮಂದಿ ತೀರಿಹೋದರು. ಬದುಕಿದವರು 8 ಮಂದಿ ಮಾತ್ರ. ಸರ್ಕಾರವು ನೇಮಿಸಿದ ವಿಚಾರಣಾ ನ್ಯಾಯಾಲಯವು ಹೊರಪಡಿಸಿದ ಸಂಗತಿಗಳನ್ನು ನಾವು ಅಂದೇ ಪತ್ರಿಕೆಗಳಲ್ಲಿ ಓದಿದ್ದೆವು. ಓದಿ ಮರೆತೂ ಇದ್ದೆವು. ಕ್ಯಾಪ್ಟನ್ನರು ದಾರಿಯಲ್ಲಿ ಬಹಳ ಹೊತ್ತು ನಿದ್ರಿಸಿದ್ದರು. ವಿಮಾನದ ಧ್ವನಿಮುದ್ರಣ ಯಂತ್ರದಲ್ಲಿ ಸುಮಾರು 1 ಗಂಟೆ 40 ನಿಮಿಷದ ಕಾಲ ಅವರ ಮಾತೇ ಇಲ್ಲ, ಉಸಿರಿನ ಮತ್ತು ಗೊರಕೆಯ ಸದ್ದು ಮಾತ್ರ. ಎಚ್ಚರಗೊಂಡ ಮೇಲೆಯೂ ಮಂಪರು ಬಿಟ್ಟಿರಲಿಲ್ಲ. ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿದ್ದಿತು. ಇಳಿಯಬೇಡಿ, ಮತ್ತೆ ಮೇಲೇರಿ ಎಂದು ಸಹಚಾಲಕರು ಮೂರು ಸಲ ಹೇಳಿದರೂ ಕ್ಯಾಪ್ಟನ್ನರು ಇಳಿಸಿಯೇ ಇಳಿಸಿದರು. ಸುಮಾರು 8,000 ಅಡಿಯ ಓಡುದಾರಿಯಲ್ಲಿ 5,200 ಅಡಿಗಳಷ್ಟು ಕಳೆದುಹೋದ ಮೇಲೆ ಗಾಲಿಗಳು ನೆಲವನ್ನು ಮುಟ್ಟಿದುವು.

ಇಲ್ಲಿ ನ್ಯಾಯವಾಗಿ ಹೇಳಬೇಕಾದುದೊಂದುಂಟು. ಆ ಕ್ಯಾಪ್ಟನ್ನರು ರಜೆಯಿಂದ ಆಗತಾನೆ ಹಿಂದಿರುಗಿದವರು. ಕಂಪನಿಯು ಅವರನ್ನು ಬಿಡುವಿಲ್ಲದೆ ದುಡಿಸಿತೆಂದು ಹೇಳುವಂತಿಲ್ಲ. ಆದರೆ ಬೆಳಗಿನ ಜಾವ 2 ಗಂಟೆಯಿಂದ 6 ಗಂಟೆಯವರೆಗೆ ಮನುಷ್ಯನ ದೇಹವು ತನ್ನ ಗಡಿಯಾರದ ಪ್ರಕಾರ ಕುಗ್ಗಿಯೇ ಕುಗ್ಗುವುದು. ಎಷ್ಟೇ ಅನುಭವವಿರಲಿ, ಎಷ್ಟೇ ಧೈರ್ಯವಿರಲಿ, ಆ ಗಡಿಯಾರವು ಕೇಳುವುದಿಲ್ಲ. ಗಾಢನಿದ್ರೆಯಿಂದ ಎದ್ದವನ ಬುದ್ಧಿಯು ತಿಳಿಯಾಗಲು ಕೆಲವು ನಿಮಿಷಗಳು ಬೇಕು. ಇದನ್ನು ವಿಚಾರಣೆಯು ಸ್ಪಷ್ಟವಾಗಿ ಬರೆಯಿತು.

ಮರುದಿನ ನಾವು ಮಗುವಿನ ಬಳಿ ಕುಳಿತು, ಆ ಕಾಗದದ ಹಿಂದಿರುವ ನಿಯಮಗಳನ್ನು ಮೊದಲಿನಿಂದ ಹೇಳಿಸಿಕೊಂಡೆವು. ಶಿಷ್ಯೆಯ ಮುಂದೆ ಉಪಾಧ್ಯಾಯಿನಿಯು ಪಾಠ ಹೇಳಿಸಿಕೊಂಡುದು ಅದೇ ಮೊದಲು. ನಮ್ಮ ದೇಶದಲ್ಲಿ ಬಸ್ಸು ಮತ್ತು ಲಾರಿಯ ಕೆಲಸಗಾರರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು 1961ರ ಕಾನೂನೇ ಹಾಕಿದ್ದಿತು. ವಿಮಾನ ಚಾಲಕರಾದರೋ ವರ್ಷಕ್ಕೆ 1,000 ಗಂಟೆಗಳಿಗಿಂತ ಹೆಚ್ಚು ಹಾರುವಂತಿಲ್ಲ. ಇದು ಕಡಿಮೆಯೆಂದು ಕಾಣುವುದು. ಆದರೆ ನೆಲದ ಮೇಲೆ ಕಾಯುವ, ಸಿದ್ಧಪಡಿಸುವ, ಪಯಣಿಸುವ ಗಂಟೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಜನವರಿಯಲ್ಲಿ ನಿಯಮಗಳನ್ನು ತಿದ್ದಿತು. ವಾರದಲ್ಲಿ ಒಮ್ಮೆ ದೊರೆಯಬೇಕಾದ ಎಡೆಬಿಡದ ವಿಶ್ರಾಂತಿಯು 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿಯೆಂಬುದು ನಡುರಾತ್ರಿಯಿಂದ ಬೆಳಗಿನ 5 ಗಂಟೆಯವರೆಗೆ ಇದ್ದುದು 6 ಗಂಟೆಯವರೆಗೆ ಬೆಳೆಯಿತು. ರಾತ್ರಿಯ ಕೆಲಸದಲ್ಲಿ ವಿಮಾನವನ್ನು ನೆಲಕ್ಕೆ ಇಳಿಸುವುದು 6 ಸಲ ಇದ್ದುದು 2 ಸಲಕ್ಕೆ ಇಳಿಯಿತು. ದಣಿವಾಯಿತೆಂದು ಚಾಲಕರು ಬರೆದ ವರದಿಗಳನ್ನೂ ಅವುಗಳ ಮೇಲೆ ನಡೆಸಿದ ಕ್ರಮಗಳನ್ನೂ ಕಂಪನಿಗಳು ಮೂರು ತಿಂಗಳಿಗೊಮ್ಮೆ ಒಪ್ಪಿಸಬೇಕೆಂದೂ ವಿಧಿಸಿತು.

ಈ ನಿಯಮಗಳು 2024ರ ಜೂನ್ ತಿಂಗಳಿನಲ್ಲಿಯೇ ಆಚರಣೆಗೆ ಬರಬೇಕಾಗಿದ್ದುವು. ಕಂಪನಿಗಳು ಕಾಲಾವಕಾಶವನ್ನು ಬೇಡಿದುದರಿಂದ ಮುಂದಕ್ಕೆ ಹೋದುವು. ಚಾಲಕರ ಸಂಘಗಳು ದೆಹಲಿಯ ಹೈಕೋರ್ಟಿನ ಬಾಗಿಲನ್ನು ತಟ್ಟಿದುವು. ಕೊನೆಗೆ 22 ವಿಧಿಗಳಲ್ಲಿ 15 ವಿಧಿಗಳು 2025ರ ಜುಲೈ 1ರಿಂದಲೂ, ರಾತ್ರಿಯ ಕೆಲಸಕ್ಕೆ ಸಂಬಂಧಿಸಿದವೇ ಮೊದಲಾದ ಉಳಿದವು ನವೆಂಬರ್ 1ರಿಂದಲೂ ಜಾರಿಗೆ ಬಂದುವು.

ಅನಂತರ ಡಿಸೆಂಬರಿನಲ್ಲಿ ನಡೆದುದನ್ನು ಎಲ್ಲರೂ ಬಲ್ಲರು. ದೇಶದ ಎಲ್ಲಕ್ಕಿಂತ ದೊಡ್ಡ ವಿಮಾನ ಕಂಪನಿಯಾದ ಇಂಡಿಗೋದವರಲ್ಲಿ, ಹೊಸ ನಿಯಮಗಳಿಗೆ ತಕ್ಕಷ್ಟು ಚಾಲಕರು ಸಿದ್ಧರಿಲ್ಲದೆ, ಸಾಲುಸಾಲಾಗಿ ಯಾನಗಳು ನಿಂತುಹೋದುವು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ಯಾನಗಳು ರದ್ದಾದುವು. ರಾತ್ರಿಯ ನಿಯಮಗಳಿಂದ ಆ ಕಂಪನಿಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿಯನ್ನು ಕೊಡಬೇಕಾಯಿತು. ನಮ್ಮ ಮಗುವಿನ ಕಂಪನಿಯು ಬೇರೆ. ಆದರೂ ಅಂದಿನ ದಿನಗಳಲ್ಲಿ ಅವಳು ಸಮವಸ್ತ್ರದಲ್ಲಿ ಹೊರಟರೆ ಬೀದಿಯವರು ತಡೆದು ಕೇಳುತ್ತಿದ್ದರು. ಬಾಣಂತಿಯನ್ನು ನೋಡಲು ಹೊರಟ ತಾಯಿ, ಸಂದರ್ಶನಕ್ಕೆ ಹೊರಟ ತರುಣ, ಅಂತ್ಯಕ್ರಿಯೆಗೆ ಮುಟ್ಟಬೇಕಾದವರು, ಇಂಥವರೆಲ್ಲ ಗಂಟು ಪೆಟ್ಟಿಗೆಗಳೊಡನೆ ವಿಮಾನ ನಿಲ್ದಾಣಗಳಲ್ಲಿ ನೆಲದ ಮೇಲೆ ಕುಳಿತಿರುವುದನ್ನು ಪತ್ರಿಕೆಗಳಲ್ಲಿ ನೋಡಿ ನಮ್ಮ ಕರುಳು ಕಿವುಚಿತು. ತರಕಾರಿ ಅಂಗಡಿಯಲ್ಲಿ ನಿಂತಿದ್ದ ಹಿರಿಯರೊಬ್ಬರು, “ಈ ಪೈಲಟ್ಟುಗಳಿಗೆ ನಿದ್ದೆ ಜಾಸ್ತಿಯಾಯಿತು ಕಣ್ರೀ” ಎಂದರು. ಮೂರು ತಿಂಗಳಿನ ಹಿಂದೆ ನಮ್ಮ ಬಾಯಿಯಿಂದ ಬಂದ ಮಾತೂ ಇದೇ ಆದುದರಿಂದ ನಮಗೆ ಸಿಟ್ಟು ಬರಲಿಲ್ಲ. ಮಂಗಳೂರಿನ ವಿಷಯವನ್ನು ಅವರಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಸ್ನೇಹಿತರ ಮಗನೊಬ್ಬನು ಆ ವಿಮಾನದಲ್ಲಿದ್ದನೆಂದು ಹೇಳಿ, ಕೊತ್ತಂಬರಿಯ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಪ್ರಯಾಣಿಕರ ಕಷ್ಟವು ಸುಳ್ಳಲ್ಲ. ಆದರೆ ಅದು ವಿಶ್ರಾಂತಿಯಿಂದ ಉಂಟಾದುದಲ್ಲ. ಎರಡು ವರ್ಷ ಮುಂಚಿತವಾಗಿ ತಿಳಿದಿದ್ದ ವಿಶ್ರಾಂತಿಗೆ ಬೇಕಾದಷ್ಟು ಜನರನ್ನು ಸಿದ್ಧಪಡಿಸದುದರಿಂದ ಉಂಟಾದುದೆಂದು ನಮ್ಮ ಅಲ್ಪಮತಿಗೆ ತೋರುವುದು. ಒಬ್ಬ ಉಪಾಧ್ಯಾಯಿನಿಯು ಹೆರಿಗೆಯ ರಜೆಗೆ ಹೋಗುವಳೆಂದು ಆರು ತಿಂಗಳ ಮೊದಲೇ ತಿಳಿದಿದ್ದು, ಬದಲಿಯವರನ್ನು ನೇಮಿಸದೆ ಇದ್ದು, ತರಗತಿಯು ಗದ್ದಲವಾದಾಗ ಬಾಣಂತಿಯನ್ನು ಬಯ್ದರೆ ಯಾರಾದರೂ ಒಪ್ಪುವರೆ?

ಈಗ ತಾಯ್ತಂದೆಗಳಿಗೆ ಎರಡು ಮಾತು. ನಿಮ್ಮ ಹೆಣ್ಣುಮಕ್ಕಳು ವಿಮಾನವನ್ನೇ ನಡೆಸಲಿ, ಆಸ್ಪತ್ರೆಯಲ್ಲಿ ರಾತ್ರಿಯ ಪಾಳಿಯನ್ನೇ ಮಾಡಲಿ, ಕಂಪ್ಯೂಟರಿನ ಮುಂದೆ ಪರದೇಶದ ವೇಳೆಗೆ ಕೆಲಸವನ್ನೇ ಮಾಡಲಿ, ಅವರ ಹಗಲು ನಿದ್ರೆಯನ್ನು ಕಾಯಿರಿ. ಗಂಡುಮಗನು ರಾತ್ರಿಯ ಪಾಳಿಯಿಂದ ಬಂದು ಮಲಗಿದರೆ ಮನೆಯವರೆಲ್ಲ ತುದಿಗಾಲಿನಲ್ಲಿ ನಡೆಯುವರು. ಹೆಣ್ಣುಮಗಳು ಮಲಗಿದರೆ ಕಾಫಿ ಕೊಡಲು ಎಬ್ಬಿಸುವರು. ನಾವು ಎಬ್ಬಿಸಿದವರಾದುದರಿಂದ ಹೇಳಲು ನಾಚುವುದಿಲ್ಲ. ಸರ್ಕಾರವು 48 ಗಂಟೆಗಳ ವಿಶ್ರಾಂತಿಯನ್ನು ಕಾಗದದ ಮೇಲೆ ಬರೆಯಬಲ್ಲುದು. ಅದು ನಿಜವಾದ ನಿದ್ರೆಯಾಗುವುದೂ ಆಗದಿರುವುದೂ ಮನೆಯವರ ಕೈಯಲ್ಲಿರುವುದು.

ಕೆಲಸಕ್ಕೆ ಸೇರಲಿರುವ ಹುಡುಗಿಯರಿಗೂ ಒಂದು ಮಾತು. ಆಜ್ಞಾಪತ್ರವು ಬಂದ ಸಂತೋಷದಲ್ಲಿ ಕರಾರನ್ನು ಓದದೆ ಸಹಿ ಮಾಡಬೇಡಿರಿ. ವಿಮಾನ ಚಾಲಕರ ವಿಷಯದಲ್ಲಿ 2017ರ ನಿಯಮವು, ಕೆಲಸವನ್ನು ಬಿಡಬೇಕೆಂದರೆ ಸಹಚಾಲಕರು 6 ತಿಂಗಳು, ಕ್ಯಾಪ್ಟನ್ನರು ಒಂದು ವರ್ಷ ಮೊದಲೇ ತಿಳಿಸಬೇಕೆಂದು ವಿಧಿಸಿತು. ಇದನ್ನು ಸಹಿ ಮಾಡಿದ ಮೇಲೆ ಅರಿತವರೂ ಉಂಟು. ವಿಶ್ರಾಂತಿಯು ಎಷ್ಟು, ರಜೆಯು ಹೇಗೆ, ಒಲ್ಲೆನೆಂದರೆ ಏನು ಎಂಬುದನ್ನು ಮೊದಲೇ ಕೇಳಿರಿ. ನಮ್ಮ ಕಾಲದಲ್ಲಿ ಹಾಗೆ ಕೇಳುವುದು ಅವಿನಯವೆಂದು ನಾವೇ ಹೇಳಿಕೊಟ್ಟೆವು. ಅದನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುವೆವು.

ಕೊನೆಯದಾಗಿ ಶಾಲೆಯವರಲ್ಲಿ ಒಂದು ವಿಜ್ಞಾಪನೆ. ಹಾಜರಿಯ ಬಹುಮಾನವನ್ನು ನಿಲ್ಲಿಸಬೇಕೆಂದು ನಾವು ಹೇಳುವುದಿಲ್ಲ. ಅದರಿಂದ ಕಲಿತ ಶಿಸ್ತು ನಮ್ಮನ್ನು ಬದುಕಿನಲ್ಲಿ ನಿಲ್ಲಿಸಿತು. ಆದರೆ ನಾವು ಪಡೆದ ನಾಲ್ಕು ಬಹುಮಾನಗಳಲ್ಲಿ ಒಂದು, ಮೈಮೇಲೆ ಸಿಡುಬಿನಂಥ ಗುಳ್ಳೆಗಳು ಎದ್ದಿದ್ದಾಗಲೂ ರವಿಕೆಯ ತೋಳನ್ನು ಎಳೆದುಕೊಂಡು ತರಗತಿಯಲ್ಲಿ ಕುಳಿತು ಪಡೆದುದು. ಅನಂತರದ ವಾರದಲ್ಲಿ ನಮ್ಮ ಬೆಂಚಿನ ಇಬ್ಬರು ಗೆಳತಿಯರು ಮಲಗಿದರು. ಯಾರೂ ನಮ್ಮನ್ನು ಕೇಳಲಿಲ್ಲ, ನಾವೂ ಹೇಳಲಿಲ್ಲ, ಜನರು ಚಪ್ಪಾಳೆ ತಟ್ಟಿದರು. ಆದುದರಿಂದ, ಕಾಯಿಲೆಯಾದ ದಿನ ನಿಜವನ್ನು ಹೇಳಿ ಮನೆಯಲ್ಲಿ ಉಳಿದ ಹುಡುಗಿಗೆ ಈ ಬಹುಮಾನವು ತಪ್ಪದಂತೆ ನಿಯಮವನ್ನು ತಿದ್ದಬೇಕೆಂದು ಬೇಡುವೆವು. ಅದಕ್ಕೆ ತಗಲುವ ಪುಸ್ತಕಗಳ ವೆಚ್ಚವನ್ನು ನಾವು ಜೀವಂತವಾಗಿರುವವರೆಗೆ ಕೊಡಲು ಸಿದ್ಧರಾಗಿರುವೆವು.

ಈ ವರ್ಷದ ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನದ ದಿನ ರಜೆ ಬೇಕೆಂದು ನಮ್ಮ ಮಗು ಕೋರಿಕೆಯನ್ನು ಬರೆದು ಕಳುಹಿಸಿರುವಳು. ಹೊಸ ಪಟ್ಟಿಯು ಇನ್ನೂ ಬಂದಿಲ್ಲ. ರಜೆಯು ದೊರೆತರೆ ಅವಳು ತಮ್ಮೆಲ್ಲರ ನಡುವೆ ಇರುವಳು. ದೊರೆಯದಿದ್ದರೆ ಆ ಹೊತ್ತಿಗೆ ಆಕಾಶದಲ್ಲಿ ಇರುವಳು, ಇಲ್ಲವೆ ಮನೆಯಲ್ಲಿ ಕಪ್ಪು ಪರದೆಯನ್ನು ಎಳೆದು ಮಲಗಿರುವಳು. ಮಲಗಿದ್ದಳಾದರೆ ದಯವಿಟ್ಟು ಯಾರೂ ಟೆಲಿಫೋನ್ ಮಾಡಬೇಡಿರಿ. ಬಾಗಿಲಿಗೆ ಬಂದವರಿಗೆ ಕಾಫಿಯನ್ನು ನಾವೇ ಕೊಡುವೆವು.